ವೆಂಕೋಬರಾಯರ ಮನೆಯ ಬಿಸಿಲು

ನಮ್ಮೂರಿನಲ್ಲಿ ಒಳ್ಳೆಯ ಬಿಸಿಲು ಬೇಕೆಂದರೆ ವೆಂಕೋಬರಾಯರ ಮನೆಗೆ ಹೋಗಬೇಕಾಗಿತ್ತು. ಆಕಾಶದ ಬಿಸಿಲನ್ನು ನಂಬಿಕೊಂಡು ನಾವು ಯಾರೂ ಸಂಡಿಗೆಗೆ ಅಕ್ಕಿ ನೆನೆಹಾಕುತ್ತಿರಲಿಲ್ಲ. ನಮ್ಮ ಆಕಾಶಕ್ಕೆ ವರ್ಷವಿಡೀ ಮೋಡ ಕವಿದಿರುತ್ತದೆ. ಒಂದು ಟವೆಲ್ಲು ಒಣಗಿಸುವುದಕ್ಕೂ ಅದು ಹಿಂದೆ ಮುಂದೆ ನೋಡುತ್ತದೆ. ರಾಯರ ನಡುಮನೆಯಲ್ಲಿ ಒಂದು ವಿಡಿಯೋ ಗೇಮ್ ಕನ್ಸೋಲ್ ಇತ್ತು. ನಾವೆಲ್ಲ ಅದನ್ನು ಪೆಟ್ಟಿಗೆ ಎನ್ನುತ್ತಿದ್ದೆವು. ಪೆಟ್ಟಿಗೆಯ ಆಟದೊಳಗೆ ಯಾವ ಹವೆಯೋ ಟಿವಿ ಇರುವ ಕೋಣೆಯಲ್ಲೂ ಅದೇ ಹವೆ. ಬೇರೆ ಊರುಗಳಲ್ಲಿ ಹೀಗಿಲ್ಲವೆಂದು ಕೇಳಿದ್ದೇನೆ. ಅಲ್ಲಿಯವರು ಪೆಟ್ಟಿಗೆಯನ್ನು ಬರೀ ಆಡುವುದಕ್ಕೆ ಇಟ್ಟುಕೊಂಡಿರುತ್ತಾರಂತೆ. ನಾನು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳು. ಈ ವಿಷಯದಲ್ಲಿ ಅದರಿಂದ ಯಾವ ಉಪಯೋಗವೂ ಆಗಲಿಲ್ಲ.

ರಾಯರ ಆಟ ಮರುಭೂಮಿಯದು. ಒಂಟೆಯ ಮೇಲೆ ಕೂತ ಸವಾರನೊಬ್ಬ ಮರಳು ದಾಟಿ, ಒಂದು ಹಗ್ಗದ ಸೇತುವೆ ಹಾಯ್ದು, ಆಚೆಗಿರುವ ಹೆಬ್ಬಾಗಿಲನ್ನು ಮುಟ್ಟಬೇಕು. ದಾರಿಯುದ್ದಕ್ಕೂ ದರೋಡೆಕೋರರು, ಚೇಳುಗಳು, ಸುಂಟರಗಾಳಿ. ನಮಗೆ ಬೇಕಾಗಿದ್ದದ್ದು ಅಲ್ಲಿಯ ನಡುಹಗಲು ಮಾತ್ರ. ಬೆಳಗಿನ ತಿಂಡಿ ಮುಗಿಸಿ, ಸಂಡಿಗೆ ಹಿಟ್ಟಿನ ಪಾತ್ರೆ, ಪ್ಲಾಸ್ಟಿಕ್ ಹಾಳೆ ಹಿಡಿದುಕೊಂಡು ನಾವು ಹೋಗುವ ಹೊತ್ತಿಗೆ ರಾಯರು ತಲೆಗೊಂದು ಹ್ಯಾಟು ಹಾಕಿಕೊಂಡು ಬೆತ್ತದ ಕುರ್ಚಿಯಲ್ಲಿ ಸಿದ್ಧರಾಗಿರುತ್ತಿದ್ದರು. ಪೆಟ್ಟಿಗೆ ಹಾಕಿದ ಕೂಡಲೇ ಗೋಡೆಯ ಕ್ಯಾಲೆಂಡರು ಸುರುಳಿ ಸುತ್ತಿಕೊಳ್ಳುವಂಥ ಬಿಸಿಲು. ನಾವು ನೆಲದ ಮೇಲೆ ಹಾಳೆ ಹಾಸಿ ಸಾಲಾಗಿ ಸಂಡಿಗೆ ಇಡುತ್ತಿದ್ದೆವು.

"ರಾಯರೇ, ಒಂಚೂರು ಎಡಕ್ಕೆ ಹೋಗಿ. ನಿಮ್ಮ ಒಂಟೆ ನೆರಳು ನನ್ನ ಬಾಳಕದ ಮೆಣಸಿನಕಾಯಿ ಮೇಲೆ ಬೀಳ್ತಿದೆ" ಎಂದು ಚೂಡಾಮಣಿ ಕೂಗುತ್ತಿದ್ದಳು. ಚೂಡಾಮಣಿ ನನ್ನ ಪಕ್ಕದ ಮನೆಯವಳು. ಅವಳ ಮನೆಯಲ್ಲಿ ಅವಳು ಪಿಸುಗುಟ್ಟಿದ್ದು ನನ್ನ ಮನೆಯಲ್ಲಿ ಮಾತಾಗಿ ಕೇಳಿಸುತ್ತದೆ.

"ಎಡಕ್ಕೆ ದರೋಡೆಕೋರರಿದ್ದಾರಮ್ಮ."

"ಇದ್ರೆ ಇರ್ಲಿ. ಊಟದ ಹೊತ್ತಿನವರೆಗೆ ಕಾಯೋಕೆ ಹೇಳಿ. ಅವರ ಮನೆಯಲ್ಲೂ ಮೆಣಸಿನಕಾಯಿ ಒಣಗಿಸೋರು ಯಾರಾದ್ರೂ ಇರ್ತಾರೆ."

ರಾಯರು ಎಡಕ್ಕೆ ಹೋಗುತ್ತಿದ್ದರು. ದರೋಡೆಕೋರರೊಡನೆ ಹೊಡೆದಾಡುತ್ತಲೇ ಒಂಟೆಯನ್ನು ಅಲುಗದಂತೆ ನಿಲ್ಲಿಸುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಟೈಲರ್ ಜುಬೇದಾ ಕಿಟಕಿಯ ಪಕ್ಕ ಕೂರುತ್ತಿದ್ದಳು. ಅವಳಿಗೆ ಮಂಡಿನೋವು. ಅವಳು ಬಂದು ಕೂತ ಮೇಲೆ ರಾಯರು ಒಂಟೆಯನ್ನು ತುಸುವೇ ತಿರುಗಿಸುತ್ತಿದ್ದರು, ಬಿಸಿಲು ಅವಳ ಮಂಡಿಯವರೆಗೆ ಬರುತ್ತಿತ್ತು. ಇದನ್ನು ಅವರು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ.

ನಮ್ಮೂರಿನಲ್ಲಿ ಇನ್ನೊಂದು ರೀತಿಯೂ ಇದೆ. ಕೊನೆ ಮುಟ್ಟಿದ ಆಟ ಮತ್ತೆ ಶುರುವಾಗುವುದಿಲ್ಲ. ಸವಾರ ಸತ್ತರೆ ತೊಂದರೆಯಿಲ್ಲ. ಕೋಣೆ ಸ್ವಲ್ಪ ಹೊತ್ತು ಕತ್ತಲಾಗಿ, ಚೂಡಾಮಣಿ ನಾಲ್ಕು ಮಾತು ಅಂದು, ಆಟ ಹಿಂದಿನ ಗುಡಾರದಿಂದ ಮುಂದುವರಿಯುತ್ತದೆ. ಆದರೆ ಗೆದ್ದರೆ ಮುಗಿಯಿತು. ಆ ಆಟವನ್ನು ಮಾಡಿದ ಕಂಪನಿಯವರು ಯಾವಾಗಲೋ ಬಾಗಿಲು ಹಾಕಿಕೊಂಡಿದ್ದರಿಂದ ಇನ್ನೊಂದು ಸಿಗುವ ಹಾಗೂ ಇರಲಿಲ್ಲ. ಊರಿಗೆ ಬೇರೆ ಬಿಸಿಲು ಸಿಗುವವರೆಗೆ ಈ ಬಿಸಿಲನ್ನು ಆರಿಸುವುದಿಲ್ಲ ಎಂದು ರಾಯರು ನಮಗೆ ಮಾತು ಕೊಟ್ಟಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರ ಮಾತು ಒಂದು ಗುಲಗಂಜಿಯೂ ಹೆಚ್ಚು ಕಡಿಮೆಯಾಗುತ್ತಿರಲಿಲ್ಲ.

ಹೀಗಿರುವಾಗ ಎಲೆಕ್ಟ್ರಿಕ್ ಅಂಗಡಿಯ ಮುರಿಗೆಪ್ಪ ಮಹಿಳಾ ಸಮಾಜದ ಹಾಲ್‌ಗೆ ಹೊಸ ಪೆಟ್ಟಿಗೆಯೊಂದನ್ನು ತಂದುಕೊಟ್ಟ. ನೋಡಲು ಕಪ್ಪಗೆ, ಇಡ್ಲಿ ಸ್ಟ್ಯಾಂಡಿಗಿಂತ ತುಸು ಎತ್ತರ. ಅದರ ಜೊತೆಗೊಂದು ಹೊಸ ಆಟ. ಅದರಲ್ಲೂ ಮರುಭೂಮಿ ಇದೆ, ಒಂಟೆ ಇದೆ, ಮತ್ತು ಅದು ಹೊಸ ಪೆಟ್ಟಿಗೆ, ಹಳೆ ಪೆಟ್ಟಿಗೆ, ಯಾರ ಪೆಟ್ಟಿಗೆಯಲ್ಲಾದರೂ ನಡೆಯುತ್ತದೆ ಎಂದು ಮುರಿಗೆಪ್ಪ ಹೇಳಿದ. ಈ ಆಟವನ್ನು ಎಷ್ಟು ಸಲ ಗೆದ್ದರೂ ಕೊನೆಯೇ ಇಲ್ಲವಂತೆ.

ನಾವು ಹೋಗಿ ನೋಡಿದೆವು. ಮುರಿಗೆಪ್ಪ ಆಟ ಹಾಕಿದ. ಬಿಸಿಲೇನೋ ಬಂತು, ಆದರೆ ಹದಿನಾರಾಣೆ ಬಿಸಿಲಲ್ಲ. ಬಾಣಂತಿ ಮಗುವನ್ನು ಕಾಯಿಸುವಾಗಿನ ಎಳೆಬಿಸಿಲು. ಚೂಡಾಮಣಿ ಅಂಗೈ ಚಾಚಿ ನೋಡಿದಳು.

"ಮುರಿಗೆಪ್ಪ, ಸ್ವಿಚ್ಚು ಪೂರ್ತಿ ಹಾಕಿದ್ದೀಯೇನಪ್ಪ?"

"ಪೂರ್ತೀನೇ ಅಮ್ಮಾವ್ರೆ. ರಾಯರ ಪೆಟ್ಟಿಗೆಗಿಂತ ಇದಕ್ಕೆ ಹತ್ತು ಪಾಲು ಶಕ್ತಿ ಜಾಸ್ತಿ."

"ಹಾಗಾದ್ರೆ ಆ ಶಕ್ತಿಯೆಲ್ಲ ಎಲ್ಲಿ ಹೋಗಿ ಮಲಗಿದೆ?"

ಆ ದಿನ ಶುರುವಾದ ವಾದ ತಿಂಗಳುಗಟ್ಟಲೆ ನಡೆಯಿತು. ಒಂದೇ ಪೆಟ್ಟಿಗೆಗೆಂದು ಮಾಡಿದ ಆಟ ಹೆಚ್ಚೋ, ಎಲ್ಲ ಪೆಟ್ಟಿಗೆಗೂ ಆಗುವ ಆಟ ಹೆಚ್ಚೋ. ತರಕಾರಿ ಕೊಳ್ಳುವಾಗಲೂ ಅದೇ ಮಾತು. ಜುಬೇದಾ ತನ್ನ ಅನುಭವದಿಂದ ಹೇಳಿದಳು: "ಅಳತೆ ಕೊಟ್ಟು ಹೊಲಿಸಿದ ರವಿಕೆ ಬೇರೆ, ಅಂಗಡಿಯಲ್ಲಿ ತೂಗುಹಾಕಿರೋದು ಬೇರೆ ಅಕ್ಕಾ. ಎಲ್ಲರಿಗೂ ಆಗ್ಬೇಕು ಅಂತ ಹೊಲಿದ್ರೆ ಯಾರ ತೋಳೂ ಸರಿ ಕೂರಲ್ಲ. ರಾಯರ ಆಟ ಮಾಡಿದೋರು ಆ ಪೆಟ್ಟಿಗೆ ಮೈಯನ್ನ ಮುಟ್ಟಿ ಮುಟ್ಟಿ ಅಳತೆ ತಗೊಂಡಿದ್ದಾರೆ."

ಮುರಿಗೆಪ್ಪ ಬಿಡುವವನಲ್ಲ. "ಅದೆಲ್ಲ ಹಳೇ ಕಾಲದ ಮಾತು. ರಾಯರ ಪೆಟ್ಟಿಗೇನ ಹಿಂಡಿ ಹಿಪ್ಪೆ ಮಾಡಿಟ್ಟಿದ್ದಾರೆ. ಅದರ ಫ್ಯಾನು ಕೂಗೋದು ನನ್ನ ಅಂಗಡಿಗೆ ಕೇಳ್ಸುತ್ತೆ. ಮೊನ್ನೆ ಅದರ ಮೇಲೆ ಕಾಫಿ ಲೋಟ ಇಟ್ಟಿದ್ರು, ಕುದೀತಿತ್ತು. ಪಾಪ ಅನ್ಸಲ್ವಾ ನಿಮಗೆ?"

"ಪೆಟ್ಟಿಗೆಗೆ ಪಾಪ ಅಂತಾನೆ. ಮನೇಲಿ ಹೆಂಡ್ತಿಗೆ ಯಾವತ್ತಾದ್ರೂ ಅಂದಿದ್ದೀಯಾ?" ಎಂದಳು ಚೂಡಾಮಣಿ. ಒಂದೇ ಪೆಟ್ಟಿಗೆಯ ಆಟದ ಪರವಾಗಿ ಇಡೀ ಊರಿನಲ್ಲಿ ಅವಳಷ್ಟು ಗಟ್ಟಿಯಾಗಿ ನಿಂತವರು ಇನ್ನೊಬ್ಬರಿಲ್ಲ. ಸಮಾಜದ ಹಾಲ್‌ನಲ್ಲಿ ಒಣಗಿಸಿದ ಒಂದು ಸಂಡಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಸಿಕ್ಕಿದವರಿಗೆಲ್ಲ ಅದನ್ನು ಬಗ್ಗಿಸಿ ತೋರಿಸುತ್ತಿದ್ದಳು. "ನೋಡಿ, ಮುರಿಯೋದೇ ಇಲ್ಲ. ಚಪ್ಪಲಿಗೆ ಅಟ್ಟೆ ಹಾಕ್ಬಹುದು."

ನನ್ನ ಅಭಿಪ್ರಾಯವನ್ನೂ ಕೇಳಿದರು, ಓದಿದವಳೆಂದು. ನನಗೆ ಅನಿಸಿದ್ದನ್ನು ಹೇಳಿದೆ. ಹೊಸ ಆಟ ಮಾಡಿದವರು ಸೋಮಾರಿಗಳಲ್ಲ. ಯಾರದೋ ಮನೆಯಲ್ಲಿರುವ ಬಡಕಲು ಪೆಟ್ಟಿಗೆಗೂ ಭಾರವಾಗಬಾರದು ಎಂದು ಬಿಸಿಲನ್ನು ಹಗುರ ಮಾಡಿದ್ದಾರೆ, ಅಷ್ಟೆ. ಒಂದೇ ಪೆಟ್ಟಿಗೆಯನ್ನು ಬಲ್ಲವರು ಅದರ ಕಸುವನ್ನೆಲ್ಲ ಹೊರಗೆ ತೆಗೆಯುತ್ತಾರೆ. ಎಲ್ಲ ಪೆಟ್ಟಿಗೆಗಳನ್ನೂ ನೆನೆದವರು ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ಎರಡೂ ಗುಂಪಿನವರು ನನ್ನ ಮಾತು ಕೇಳಿ, ಕುಮುದಮ್ಮ ತಮ್ಮ ಕಡೆ ಎಂದು ಹೇಳಿಕೊಂಡು ಹೋದರು.

ಇನ್ನೊಂದು ಸಂಗತಿಯನ್ನೂ ನಾವು ಕಂಡುಕೊಂಡೆವು. ರಾಯರ ಮನೆಯ ಬಿಸಿಲಿಗೆ ಉದ್ದಿನ ಹಪ್ಪಳ ಇಟ್ಟರೆ ಅದು ಮುದುರಿ ದೋಣಿಯಂತಾಗಿ ಬಿರಿಯುತ್ತಿತ್ತು. ಹಪ್ಪಳಕ್ಕೆ ಉರಿಬಿಸಿಲು ಆಗದು. ಸಮಾಜದ ಎಳೆಬಿಸಿಲಿನಲ್ಲಿ ಅದೇ ಹಪ್ಪಳ ಚಂದ್ರನ ಹಾಗೆ ಮಟ್ಟಸವಾಗಿ ಒಣಗಿತು. ಆದರೆ ಸಂಡಿಗೆ ಮಾತ್ರ ಹಸಿಹಸಿಯಾಗಿ ಉಳಿದು, ಸಂಜೆಯ ಹೊತ್ತಿಗೆ ಹುಳಿ ವಾಸನೆ ಹೊಡೆಯುತ್ತಿತ್ತು. ಊರಿನ ಕಟ್ಟಳೆಯ ಪ್ರಕಾರ ಲೆಕ್ಕಕ್ಕೆ ಬರುವುದು ಸಂಡಿಗೆಯೇ. ಹೊಸ ಬಿಸಿಲನ್ನು ಒಪ್ಪಬೇಕಾದರೆ ಅದರಲ್ಲಿ ಒಣಗಿದ ಸಂಡಿಗೆಯನ್ನು ಸಭೆಯ ಮುಂದೆ ಕರಿದು ಕಡಿಯಬೇಕು. ಕಡಿದ ಸದ್ದು ಕೊನೆಯ ಬೆಂಚಿಗೆ ಕೇಳಿಸಬೇಕು. ಕೇಳಿಸದಿದ್ದರೆ ಅದು ಬಿಸಿಲಲ್ಲ.

ಒಂದು ದಿನ ಬೇರೆಯವರೆಲ್ಲ ಹೋದ ಮೇಲೆ ನಾನು ಹಾಳೆ ಮಡಚುತ್ತಾ ರಾಯರ ಮನೆಯಲ್ಲೇ ಉಳಿದೆ. ಅವರು ಕಾಫಿ ತಂದುಕೊಟ್ಟರು. ಲೋಟ ದಬರಿಯೊಳಗೆ ಗಲಗಲ ಎನ್ನುತ್ತಿತ್ತು. ನಾನು ಬೇಗ ಕೈ ಚಾಚಿ ತೆಗೆದುಕೊಂಡೆ. ಅವರು ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡು ಕೂತರು. ಮಾತು ತಿರುಗಿಸಬೇಕೆಂದು ನಾನು ಟಿವಿಯ ಕಡೆ ನೋಡಿದೆ.

"ರಾಯರೇ, ನಿಮ್ಮ ಸವಾರ ದಿನಾ ಅದೇ ಸೇತುವೆ ಮುಂದೆ ನಿಂತಿರ್ತಾನಲ್ಲ. ದಾಟೋದೇ ಇಲ್ವಾ?"

"ದಾಟಿದ್ರೆ ಬಾಗಿಲು ಬರುತ್ತೆ ಕುಮುದಮ್ಮ. ಬಾಗಿಲು ತೆಗೆದ್ರೆ ಆಟ ಮುಗೀತು."

"ಬಾಗಿಲಾಚೆ ಏನಿದೆ?"

"ಗೊತ್ತಿಲ್ಲ." ಅವರು ಹ್ಯಾಟು ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಈ ಪೆಟ್ಟಿಗೆ ನನಗೆ ಚೆನ್ನಾಗಿ ಗೊತ್ತು. ಇಷ್ಟು ಬಿಸಿಲು ಕೊಟ್ಟೂ ಅದು ಇನ್ನೂ ಏನೋ ಉಳಿಸಿಕೊಂಡಿದೆ. ಫ್ಯಾನ್ ಸದ್ದಿನಲ್ಲೇ ಗೊತ್ತಾಗುತ್ತೆ. ಮಾಡಿದೋರು ಅದನ್ನ ಬಾಗಿಲಾಚೆಗೆ ಅಂತ ಇಟ್ಟಿದ್ದಾರೆ. ನೋಡಬೇಕು ಅಂತ ಬಹಳ ಆಸೆ ಇತ್ತು. ಮುಂದಿನ ವರ್ಷ ನೋಡೋಣ, ಮುಂದಿನ ವರ್ಷ ನೋಡೋಣ ಅಂದ್ಕೊಂಡೆ. ಈಗ ಈ ಹೆಬ್ಬೆರಳು ಹೇಳಿದ ಮಾತು ಕೇಳ್ತಿಲ್ಲ. ಸೇತುವೆ ದಾಟೋಕೆ ಕೈ ನಿಲ್ಲಬೇಕು. ಡಾಕ್ಟರು ಇದು ಹೆಚ್ಚಾಗೋದೇ ಹೊರತು ಕಡಿಮೆಯಾಗಲ್ಲ ಅಂದ್ರು."

"ನಮಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ದಾಟಿ ಅಂತೀರಿ. ಆಮೇಲೆ ಸಂಡಿಗೆ ಎಲ್ಲಿ ಹಾಕ್ತೀರಿ?"

ಕಾಫಿ ಬಿಸಿಯಾಗಿತ್ತು, ನಾನು ಅದನ್ನು ಆರಿಸುತ್ತಾ ತುಂಬ ಹೊತ್ತು ಕೂತೆ. ಮನೆಗೆ ಬಂದವಳು ಚೂಡಾಮಣಿಗೆ ಮಾತ್ರ ಹೇಳಿದೆ. ಮಾರನೆಯ ದಿನ ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ನಾನು ಅವಳಿಗೇ ಹೇಳಿದ್ದು ಅದಕ್ಕೇ.

ನಮ್ಮ ಅಡುಗೆಮನೆಯಲ್ಲಿ ಸಭೆ ಸೇರಿತು. ಜುಬೇದಾ ಎಲ್ಲರಿಗಿಂತ ಮೊದಲು ಬಂದಿದ್ದಳು. "ಹೊಸ ಬಿಸಿಲನ್ನ ಒಪ್ಪಿಬಿಡೋಣ ಅಕ್ಕಾ. ರಾಯರು ಮಾತಿನಿಂದ ಬಿಡುಗಡೆ ಆಗ್ಲಿ. ಬಿಸಿಲಿಲ್ಲದಿದ್ರೆ ನನ್ನ ಮಂಡಿಗೆ ಉಪ್ಪಿನ ಶಾಖ ಕೊಡ್ಕೋತೀನಿ."

"ಒಪ್ಪೋದು ಹೇಗೆ? ಸದ್ದು ಬರಬೇಕಲ್ಲ" ಎಂದೆ. "ತೀರ್ಪು ಕೊಡೋರು ಯಾರು ಗೊತ್ತಲ್ಲ? ರಾಯರೇ. ಎಲ್ಲ ಸಲವೂ ಅವರೇ. ಅವರು ಸುಳ್ಳು ಹೇಳೋ ಜನ ಅಲ್ಲ."

ಎಲ್ಲರೂ ಚೂಡಾಮಣಿಯ ಮುಖ ನೋಡಿದೆವು. ಇಷ್ಟು ತಿಂಗಳು ಸೆರಗಿನಲ್ಲಿ ಸಂಡಿಗೆ ಕಟ್ಟಿಕೊಂಡು ವಾದ ಮಾಡಿದವಳು ಅವಳು. ಅವಳು ಗಂಟು ಬಿಚ್ಚಿ ಆ ಸಂಡಿಗೆಯನ್ನು ತೆಗೆದಳು, ಒಂದು ಸಲ ಬಗ್ಗಿಸಿ ನೋಡಿದಳು, ಒಲೆಯ ಪಕ್ಕದ ಕಸದ ಬುಟ್ಟಿಗೆ ಹಾಕಿದಳು.

"ಕುಮುದಕ್ಕ, ಸದ್ದು ಬರಬೇಕು ಅಷ್ಟೇ ತಾನೇ? ಸಂಡಿಗೆಯಿಂದಲೇ ಬರಬೇಕು ಅಂತ ಕಟ್ಟಳೆ ಏನಾದ್ರೂ ಇದೆಯಾ?"

ಸದ್ದಿನ ಸಭೆಯ ದಿನ ಸಮಾಜದ ಹಾಲ್ ತುಂಬಿತ್ತು. ಮುರಿಗೆಪ್ಪ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ತನ್ನ ಅಂಗಡಿಯಿಂದಲೇ ಹೊಸ ಸ್ಟೆಬಿಲೈಸರ್ ತಂದು ಕೂರಿಸಿದ್ದ. ಆತ ಹಿಂದಿನ ದಿನವೆಲ್ಲ ಕೂತು ಆಟ ಆಡಿ ಸಂಡಿಗೆಗೆ ಬಿಸಿಲು ಕಾಯಿಸಿದ್ದ, ಕಣ್ಣು ಕೆಂಪಾಗಿದ್ದವು. ವೇದಿಕೆಯ ಮೇಲೆ ಬಾಣಲೆ, ಬಾಣಲೆಯ ಮುಂದೆ ನಾನು. ಸಂಡಿಗೆಯನ್ನು ಎಣ್ಣೆಗೆ ಬಿಟ್ಟೆ. ಅರಳಬೇಕಾದದ್ದು ಅರಳಲಿಲ್ಲ. ಒದ್ದೆ ಬಟ್ಟೆ ಬಿದ್ದ ಹಾಗೆ ಚುಯ್ಯೆಂದು, ತಳಕ್ಕೆ ಹೋಗಿ, ಬೇಸರದಿಂದ ಮೇಲಕ್ಕೆ ಬಂತು. ನಾನು ಅದನ್ನು ತಟ್ಟೆಗೆ ಹಾಕಿ, ಬಾಳೆಲೆ ಮುಚ್ಚಿ, ಓದಿದವಳಿಗೆ ತಕ್ಕ ಗಾಂಭೀರ್ಯದಿಂದ ರಾಯರ ಮುಂದಿಟ್ಟೆ.

ಮುಂದಿನ ಸಾಲಿನಿಂದ ಕೊನೆಯ ಬೆಂಚಿನವರೆಗೆ ಹೆಂಗಸರು ಕೂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ, ಅದೇ ಒಂದು ವಿಚಿತ್ರ. ಎಲ್ಲರ ಕೆನ್ನೆಯೂ ಸ್ವಲ್ಪ ಉಬ್ಬಿತ್ತು. ಸೆರಗಿನ ಮರೆಯಲ್ಲಿ ಸುಟ್ಟ ಹಪ್ಪಳದ ಚೂರುಗಳಿದ್ದವು. ಅವೂ ಇದೇ ಎಳೆಬಿಸಿಲಿನಲ್ಲಿ ಒಣಗಿದ ಹಪ್ಪಳಗಳು. ಅಷ್ಟರಮಟ್ಟಿಗೆ ನಾವು ಹೊಸ ಪೆಟ್ಟಿಗೆಗೆ ಅನ್ಯಾಯ ಮಾಡಲಿಲ್ಲ.

ರಾಯರು ನಡುಗುವ ಕೈಯಿಂದ ಸಂಡಿಗೆ ಎತ್ತಿದರು. ಬಾಯಿಗಿಟ್ಟರು. ಕಚ್ಚಿದರು.

ಅದೇ ಕ್ಷಣಕ್ಕೆ ಇಡೀ ಹಾಲ್ ಕಟಕಟ ಕರಕರ ಎಂದಿತು. ಕಿಟಕಿಯ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಚೂಡಾಮಣಿಯ ಬಾಯಿಂದ ಬಂದ ಸದ್ದಿಗೆ ಅವಳ ಪಕ್ಕದವಳು ಬೆಚ್ಚಿ ಬಿದ್ದಳು. ಆಮೇಲೆ ಎಲ್ಲರೂ ತುಟಿ ಬಿಗಿದುಕೊಂಡು, ದೇವರ ಮನೆಯಲ್ಲಿ ಕೂತವರಂತೆ ರಾಯರನ್ನೇ ನೋಡುತ್ತಿದ್ದೆವು.

ರಾಯರ ದವಡೆ ನಿಧಾನವಾಗಿ ಆಡುತ್ತಿತ್ತು. ಅದು ಕಡಿಯುವ ಆಟವಲ್ಲ, ಬಿಡಿಸಿಕೊಳ್ಳುವ ಆಟ. ಸಂಡಿಗೆ ಹಲ್ಲಿಗೆ ಅಂಟಿತ್ತು. ಅವರು ಮೊದಲು ನನ್ನನ್ನು ನೋಡಿದರು, ಆಮೇಲೆ ಜುಬೇದಾಳನ್ನು, ಕೊನೆಗೆ ಚೂಡಾಮಣಿಯನ್ನು. ಚೂಡಾಮಣಿಯ ಗಲ್ಲದ ಮೇಲೆ ಹಪ್ಪಳದ ಒಂದು ಪುಡಿ ಕೂತಿತ್ತು. ಅವಳ ಕಣ್ಣಲ್ಲಿ ನೀರು. ಚೂರು ಗಂಟಲಿಗೆ ಅಡ್ಡ ಹೋಗಿತ್ತು, ಕೆಮ್ಮುವ ಹಾಗಿರಲಿಲ್ಲ.

ರಾಯರು ಎದ್ದು ನಿಂತರು. ಸುಳ್ಳು ಹೇಳುವವರಲ್ಲ ಎಂದೆನಲ್ಲ, ಹೇಳಲೂ ಇಲ್ಲ.

"ಸದ್ದು ಕೇಳಿಸಿತು" ಎಂದರು.

ಮುರಿಗೆಪ್ಪ ಖುಷಿಯಿಂದ ಚೂಡಾಮಣಿಯ ಮುಂದೆ ಬಂದು ನಿಂತ. "ಈಗ ಏನಂತೀರಾ ಅಮ್ಮಾವ್ರೆ? ಒಂದೇ ಪೆಟ್ಟಿಗೆಗೆ ಅಂತ ಆಟ ಮಾಡೋದೆಲ್ಲ ಹೋಯ್ತು. ಎಲ್ಲಕ್ಕೂ ಆಗೋದೇ ಹೆಚ್ಚು. ಒಪ್ಕೋತೀರಾ?"

ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಅವಳು ಒಂದು ವಾದದಲ್ಲೂ ಸೋತದ್ದನ್ನು ಕಂಡಿರಲಿಲ್ಲ. ಅವಳು ಚೂರನ್ನು ನುಂಗಿದಳು.

"ಒಪ್ಕೊಂಡೆ ಕಣಪ್ಪ" ಎಂದಳು, ಇಡೀ ಹಾಲ್‌ಗೆ ಕೇಳಿಸುವಂತೆ. ಆಮೇಲೆ ನನ್ನ ಕಿವಿಯ ಬಳಿ, "ಇದರಷ್ಟು ಕಹಿ ಹಾಗಲಕಾಯೂ ಇಲ್ಲ ಕುಮುದಕ್ಕ" ಎಂದಳು.

ಮಾರನೆಯ ದಿನ ಬೆಳಿಗ್ಗೆ ನಾವೆಲ್ಲ ರಾಯರ ಮನೆಗೆ ಹೋದೆವು. ಮೊದಲ ಸಲ ಬರಿಗೈಯಲ್ಲಿ ಹೋದದ್ದು; ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯದೆ ಗೋಡೆಯುದ್ದಕ್ಕೂ ಕೂತೆವು. ರಾಯರು ಶುಭ್ರವಾದ ಪಂಚೆ ಉಟ್ಟಿದ್ದರು. ಪೆಟ್ಟಿಗೆ ಹಾಕಿದರು. ಬಿಸಿಲು ಬಂದು ಬರಿಯ ನೆಲದ ಮೇಲೆ ಬಿತ್ತು. ಒಂಟೆಯಿಂದ ಇಳಿದು ಸವಾರ ಸೇತುವೆಯ ಮೇಲೆ ಕಾಲಿಟ್ಟ. ನಡುವೆ ಹೋದಾಗ ರಾಯರ ಹೆಬ್ಬೆರಳು ನಡುಗಿತು. ಸವಾರ ಬಿದ್ದ, ಕೋಣೆ ಕತ್ತಲಾಯಿತು. ಚೂಡಾಮಣಿ ಏನೂ ಅನ್ನಲಿಲ್ಲ. ಮತ್ತೆ ಬಿಸಿಲು, ಮತ್ತೆ ಸೇತುವೆ, ಮತ್ತೆ ಕತ್ತಲು.

ಮತ್ತೆ ಶುರುವಾಗುವ ಮೊದಲು ಜುಬೇದಾ ತನ್ನ ಜಾಗದಿಂದ ಎದ್ದು, ಮಂಡಿ ಹಿಡಿದುಕೊಂಡು ಹೋಗಿ, ಹೊಲಿಗೆಯ ಚೀಲದಿಂದ ಪುಟ್ಟ ಹತ್ತಿಯ ದಿಂಬೊಂದನ್ನು ತೆಗೆದು ರಾಯರ ಮಣಿಕಟ್ಟಿನ ಕೆಳಗಿಟ್ಟಳು. ಅವರ ಕೈಯ ಅಳತೆಗೇ ಹೊಲಿದದ್ದು. ಆ ಹತ್ತಿ ಇದೇ ಕೋಣೆಯ ಬಿಸಿಲಿನಲ್ಲಿ ಒಣಗಿದ್ದು. ಕೈ ಅದರೊಳಗೆ ಇಳಿದು ಕೂತಿತು.

ಸವಾರ ದಾಟಿದ. ಹೆಬ್ಬಾಗಿಲು ತೆರೆಯಿತು. ಪೆಟ್ಟಿಗೆಯ ಫ್ಯಾನು ಒಮ್ಮೆ ಜೋರಾಗಿ ಕೂಗಿ, ಆಮೇಲೆ ಸುಮ್ಮನಾಯಿತು.

ಬಾಗಿಲಾಚೆ ನಿಧಿ ಇರಲಿಲ್ಲ, ರಾಜಕುಮಾರಿ ಇರಲಿಲ್ಲ. ಒಂದು ಕೆರೆ ಇತ್ತು, ಕೆರೆಯ ಮೇಲೆ ಸಂಜೆ. ಇಷ್ಟು ವರ್ಷ ಬರೀ ನಡುಹಗಲನ್ನೇ ಕಂಡಿದ್ದ ಆ ಕೋಣೆಗೆ ಸಂಜೆ ಬಂತು. ನಮ್ಮ ನೆರಳುಗಳು ಉದ್ದವಾಗಿ ಗೋಡೆ ಹತ್ತಿದವು. ತಂಪು ಗಾಳಿ ಬೀಸಿತು, ಸುರುಳಿ ಸುತ್ತಿದ್ದ ಕ್ಯಾಲೆಂಡರು ಮೆಲ್ಲಗೆ ಬಿಚ್ಚಿಕೊಂಡಿತು. ಹಕ್ಕಿಗಳು ಗೂಡಿಗೆ ಬರುವ ಸದ್ದು ನಮ್ಮ ತಲೆಯ ಮೇಲೆಯೇ ಹಾದುಹೋಯಿತು. ರಾಯರು ಹ್ಯಾಟು ತೆಗೆದರು.

"ನೋಡಿ" ಎಂದರು ಮೆಲ್ಲಗೆ. "ಉಳಿಸಿಕೊಂಡಿದ್ದು ಇದಕ್ಕೆ."

ಪರದೆಯ ಮೇಲೆ ಆಟ ಮಾಡಿದವರ ಹೆಸರುಗಳು ಒಂದೊಂದಾಗಿ ಮೇಲಕ್ಕೆ ಹೋದವು. ನಾವು ಯಾರೂ ಏಳಲಿಲ್ಲ. ಕೊನೆಯ ಹೆಸರು ಹೋದ ಮೇಲೆ ಪೆಟ್ಟಿಗೆ ತಣ್ಣಗಾಯಿತು. ಹೊರಗಿನ ಮೋಡದ ಬೆಳಕು ಕಿಟಕಿಯಿಂದ ಬಂದು, ರಾಯರು ಖಾಲಿ ನೆಲವನ್ನು ನೋಡುತ್ತಾ ಕೂತಿರುವುದು ಕಾಣಿಸಿತು. ಇನ್ನು ಮೇಲೆ ಇಲ್ಲಿಗೆ ಯಾರು ಬರುತ್ತಾರೆ ಎಂದು ಅವರು ಕೇಳಲಿಲ್ಲ, ಹ್ಯಾಟನ್ನು ಗೂಟಕ್ಕೆ ತಗುಲಿಹಾಕಿದರು ಅಷ್ಟೆ.

"ಮುರಿಗೆಪ್ಪನ ಆಟ ಎಲ್ಲ ಪೆಟ್ಟಿಗೇಲೂ ನಡೆಯುತ್ತಂತೆ" ಎಂದಳು ಚೂಡಾಮಣಿ, ಯಾರಿಗೂ ಹೇಳದವಳ ಹಾಗೆ. "ಈ ಹಳೇ ಡಬ್ಬಾದಲ್ಲೂ ನಡೆಯುತ್ತಾ ನೋಡ್ಬೇಕು. ನಾಳೆ ಉದ್ದಿನ ಹಿಟ್ಟು ಕಲಸ್ಕೊಂಡು ಬರ್ತೀವಿ ರಾಯರೇ. ಹ್ಯಾಟನ್ನ ಗೂಟದಿಂದ ಇಳಿಸಿಡಿ."

ನಡೆಯಿತು. ಸಮಾಜದ ಹಾಲ್‌ನಲ್ಲಿ ಹೊಸ ಪೆಟ್ಟಿಗೆ ಇದ್ದರೂ ನಾವು ರಾಯರ ನಡುಮನೆಯಲ್ಲೇ ಹಪ್ಪಳ ಒತ್ತಿ ಒಣಗಿಸುತ್ತೇವೆ. ಎಳೆಬಿಸಿಲಾದ್ದರಿಂದ ಕೂತು ಮಾತಾಡಲು ಹಿತ. ಆ ಆಟದಲ್ಲಿ ಒಂಟೆಯನ್ನು ಅದರ ಪಾಡಿಗೆ ಬಿಟ್ಟರೂ ಆಗುತ್ತದೆ, ಹೆಬ್ಬೆರಳಿಗೆ ಕೆಲಸವಿಲ್ಲ. ಆದರೂ ಜುಬೇದಾ ಬಂದು ಕೂತಾಗ ಅದು ಹೇಗೋ ಸ್ವಲ್ಪ ತಿರುಗುತ್ತದೆ.

ಸಂಡಿಗೆಯನ್ನು ಮಾತ್ರ ನಮ್ಮೂರಿನಲ್ಲಿ ಈಗ ಯಾರೂ ಮಾಡುವುದಿಲ್ಲ. ಹೊರಗಿನಿಂದ ಮದುವೆಗೆ ಬಂದ ಬೀಗರು ಎಲೆಯ ಮೇಲೆ ಕೈಯಾಡಿಸಿ, ಹಪ್ಪಳ ಇದೆ, ಸಂಡಿಗೆ ಎಲ್ಲಿ ಎಂದು ಕೇಳುತ್ತಾರೆ. ಅದು ನಮ್ಮಲ್ಲಿ ಪದ್ಧತಿ ಇಲ್ಲ ಎನ್ನುತ್ತೇವೆ. ಮೊನ್ನೆ ಜುಬೇದಾಳ ಮಗಳ ಮದುವೆಯೂಟದಲ್ಲೂ ಯಾರೋ ಕೇಳಿದರು. ಪಕ್ಕದ ಎಲೆಯಲ್ಲಿ ರಾಯರು ಕೂತಿದ್ದರು. ಅವರು ಬೆರಳಿನಿಂದ ದವಡೆ ಮುಟ್ಟಿಕೊಂಡು, "ನಮಗೆ ಬೇಡ ಸ್ವಾಮಿ. ಅವತ್ತಿನದೇ ಇನ್ನೂ ಪೂರ್ತಿ ಬಿಟ್ಟಿಲ್ಲ" ಎಂದರು. ಬಡಿಸುತ್ತಿದ್ದ ಚೂಡಾಮಣಿ ಕೇಳಿಸಲೇ ಇಲ್ಲವೆಂಬಂತೆ ಅವರ ಎಲೆಗೆ ಇನ್ನೊಂದು ಹಪ್ಪಳ ಹಾಕಿ ಮುಂದೆ ಹೋದಳು.